ಅರ್ಧಕ್ಕೆ ನಿಂತ ಡ್ರಮ್ ಸೋಲೋ: ಪೀಣ್ಯದ ಒಂದು ಕ್ಯಾಸೆಟ್, 1972ರ ಜಪಾನ್

ಇವತ್ತು ಹೊಸ ಹಾಡಿನ ಸುದ್ದಿ ಇಲ್ಲ, ಹೊಸ ಸಿನಿಮಾ ಸುದ್ದಿನೂ ಇಲ್ಲ. ನಾನು ಹುಟ್ಟೋಕೆ ಇಪ್ಪತ್ತೆರಡು ವರ್ಷ ಮೊದಲು ಜಪಾನಲ್ಲಿ ಮೂರು ರಾತ್ರಿ ನಡೆದ ಒಂದು ಕಛೇರಿ ಬಗ್ಗೆ ಮಾತಾಡ್ತೀನಿ. ಕಛೇರಿ ಅಂತ ಬೇಕಂತಲೇ ಹೇಳ್ತಿದ್ದೀನಿ. ನಮ್ಮ ಚಿಕ್ಕಪ್ಪ ಅದನ್ನ ಹಾಗೇ ಕರೀತಿದ್ರು.

ಬ್ಯಾಂಡ್ ಹೆಸರು ಡೀಪ್ ಪರ್ಪಲ್. ಆಲ್ಬಮ್ 'ಮೇಡ್ ಇನ್ ಜಪಾನ್'. 1972ರ ಆಗಸ್ಟ್ 15 ಮತ್ತು 16 ಒಸಾಕಾದಲ್ಲಿ, 17ನೇ ತಾರೀಖು ಟೋಕಿಯೋದ ಬುಡೋಕಾನ್ ಸಭಾಂಗಣದಲ್ಲಿ ರೆಕಾರ್ಡ್ ಆಗಿದ್ದು. ಆಗಸ್ಟ್ 15, 1972 ಅಂದ್ರೆ ನಮಗೆ ಸ್ವಾತಂತ್ರ್ಯ ಬಂದು ಸರಿಯಾಗಿ 25 ವರ್ಷ. ನಮ್ಮೂರ ಸ್ಕೂಲಲ್ಲಿ ಬಾವುಟ ಹಾರಿಸಿ ಮಿಠಾಯಿ ಹಂಚಿದ ದಿನ, ಅಲ್ಲಿ ರಿಚೀ ಬ್ಲ್ಯಾಕ್‌ಮೋರ್ ಗಿಟಾರ್ ಸಿಕ್ಕಿಸಿಕೊಂಡು ಸ್ಟೇಜ್ ಹತ್ತಿದ್ದಾನೆ. ಇದಕ್ಕೂ ಅದಕ್ಕೂ ಸಂಬಂಧ ಇಲ್ಲ, ಬಿಡಿ. ಆದ್ರೂ ನಂಗೆ ಪ್ರತೀ ಆಗಸ್ಟ್ 15ಕ್ಕೆ ಇದು ನೆನಪಾಗುತ್ತೆ.

ನಾನಿರೋದು ಪೀಣ್ಯ ಹತ್ತಿರ, ಚೊಕ್ಕಸಂದ್ರದಲ್ಲಿ. ಕೆಲಸ ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಹೌದು, ಊರಿನ ಈ ತುದಿಯಿಂದ ಆ ತುದಿಗೆ. ಮೊದಲು ಕಂಪನಿ ಕ್ಯಾಬಲ್ಲಿ ಸಿಲ್ಕ್ ಬೋರ್ಡ್ ಜಂಕ್ಷನ್ನಲ್ಲಿ ಕೂತು ಅರ್ಧ ಆಯಸ್ಸು ಕಳೀತಿದ್ದೆ. 2025ರ ಆಗಸ್ಟಲ್ಲಿ ಹಳದಿ ಲೈನ್ ಶುರುವಾದ ಮೇಲೆ ಮೆಟ್ರೋ. ಆಗ ಗೊತ್ತಾಗಿದ್ದೇನಂದ್ರೆ, 'ಮೇಡ್ ಇನ್ ಜಪಾನ್' ಸುಮಾರು 77 ನಿಮಿಷ ಇದೆ, ನನ್ನ ಪ್ರಯಾಣನೂ ಹೆಚ್ಚುಕಮ್ಮಿ ಅಷ್ಟೇ. ಪೀಣ್ಯ ಇಂಡಸ್ಟ್ರಿ ಸ್ಟೇಷನ್ನಲ್ಲಿ ಬಾಗಿಲು ಮುಚ್ಚುವಾಗ ಪ್ಲೇ ಒತ್ತಿದ್ರೆ 'ಹೈವೇ ಸ್ಟಾರ್' ಯಶವಂತಪುರದ ಹೊತ್ತಿಗೆ ಮುಗಿಯುತ್ತೆ. 'ಚೈಲ್ಡ್ ಇನ್ ಟೈಮ್' 12 ನಿಮಿಷದ್ದು, ಶ್ರೀರಾಮಪುರ ದಾಟಿಸುತ್ತೆ. ಸಂಪಿಗೆ ರಸ್ತೆ ಬಿಟ್ಟು ರೈಲು ನೆಲದೊಳಕ್ಕೆ ಇಳಿಯುವಾಗ 'ಸ್ಮೋಕ್ ಆನ್ ದ ವಾಟರ್' ಶುರು. ಆರ್.ವಿ. ರೋಡಲ್ಲಿ ಇಳಿದು ಲೈನ್ ಬದಲಾಯಿಸಿ, ಕೊನೇ ಹಾಡು 'ಸ್ಪೇಸ್ ಟ್ರಕಿನ್' ಮುಗಿಯೋ ಹೊತ್ತಿಗೆ ನಾನು ಆಫೀಸಿನ ಹತ್ತಿರ. ರೈಲು ತಡವಾದ್ರೆ ಮಾತ್ರ ಲೆಕ್ಕ ತಪ್ಪುತ್ತೆ.

'ಸ್ಮೋಕ್ ಆನ್ ದ ವಾಟರ್' ಅಂದ ತಕ್ಷಣ ನಿಮ್ಮಲ್ಲಿ ಅರ್ಧ ಜನಕ್ಕೆ ಆ ಗಿಟಾರ್ ರಿಫ್ ನೆನಪಾಗಿರುತ್ತೆ. ಗಿಟಾರ್ ಅಂಗಡಿಗೆ ಹೋಗೋ ಪ್ರತಿ ಹುಡುಗನೂ ಮೊದಲು ನುಡಿಸೋದು ಅದನ್ನೇ. ಇದೇ ಹಾಡಿನ ಸ್ಟುಡಿಯೋ ರೆಕಾರ್ಡಿಂಗ್ ಇದೆ, ಅಚ್ಚುಕಟ್ಟಾಗಿದೆ. ಆದ್ರೆ ಜಪಾನಿನ ರೆಕಾರ್ಡಿಂಗ್ ಕೇಳಿ. ಬ್ಲ್ಯಾಕ್‌ಮೋರ್ ರಿಫ್ಫನ್ನ ನೆಟ್ಟಗೆ ನುಡಿಸೋದೇ ಇಲ್ಲ. ಸ್ವಲ್ಪ ತಿರುಚ್ತಾನೆ, ಆಟ ಆಡಿಸ್ತಾನೆ. ಜನ ಚಪ್ಪಾಳೆ ಸೇರಿಸ್ತಾರೆ, ತಾಳ ಎಲ್ಲಿ ಹಿಡೀಬೇಕು ಅಂತ ಅವರಿಗೂ ಒಂದು ಕ್ಷಣ ಗೊಂದಲ. ಆಮೇಲೆ ಒಬ್ಬೊಬ್ಬರಾಗಿ ಡ್ರಮ್ಸು, ಬಾಸು ಬಂದು ಸೇರ್ತಾರೆ. ಹಾಡಲ್ಲಿ ಯಾರೂ ಬಾಯಿ ಬಿಡೋಕೆ ಮೊದಲೇ ನಮಗೆ ಆ ಹಾಲ್ ಎಷ್ಟು ದೊಡ್ಡದು, ಜನ ಎಷ್ಟು ಹತ್ತಿರ ಇದ್ದಾರೆ ಅನ್ನೋದು ಕಿವೀಲೇ ತಿಳಿಯುತ್ತೆ. ಲೈವ್ ರೆಕಾರ್ಡಿಂಗ್ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಇದರಿಂದ. ಹಾಡಿನ ಜೊತೆ ಒಂದು ಕೋಣೆನೂ ಸಿಗುತ್ತೆ.

ಈ ಆಲ್ಬಮ್ ಮೊದಲು ಜಪಾನಿಗೆ ಮಾತ್ರ ಅಂತ ಯೋಚನೆ ಮಾಡಿದ್ದು. ಅಲ್ಲಿನ ರೆಕಾರ್ಡ್ ಕಂಪನಿಯವರು ಕೇಳಿದ್ರು, ಬ್ಯಾಂಡ್‌ನವರಿಗೆ ಅಷ್ಟೇನೂ ಉತ್ಸಾಹ ಇರಲಿಲ್ಲ. ಮಾಡೋದಾದ್ರೆ ನಮ್ಮ ಎಂಜಿನಿಯರೇ ಬರಬೇಕು ಅಂತ ಮಾರ್ಟಿನ್ ಬರ್ಚ್ ಅನ್ನೋರನ್ನ ಕರಕೊಂಡು ಹೋದ್ರು. ಐರನ್ ಮೇಡನ್ ಅಭಿಮಾನಿಗಳಿದ್ರೆ ಈ ಹೆಸರು ಗೊತ್ತಿರುತ್ತೆ, ಎಂಬತ್ತರ ದಶಕದ ಅವರ ದೊಡ್ಡ ಆಲ್ಬಮ್‌ಗಳ ಹಿಂದೆ ಇದ್ದವರೂ ಇವರೇ. ಜಪಾನಲ್ಲಿ ಅವರ ಕೈಗೆ ಸಿಕ್ಕಿದ್ದು ಎಂಟು ಟ್ರ್ಯಾಕಿನ ಟೇಪ್ ಮಷೀನು. ಐದು ಜನ ನುಡಿಸ್ತಿದ್ದಾರೆ, ಜೊತೆಗೆ ಸಾವಿರಾರು ಜನ ಕಿರುಚ್ತಿದ್ದಾರೆ. ಎಲ್ಲ ಆ ಎಂಟರಲ್ಲೇ ಹಿಡೀಬೇಕು. ವಾಪಸ್ ಬಂದ ಮೇಲೆ ಸ್ಟುಡಿಯೋದಲ್ಲಿ ಏನನ್ನೂ ಮತ್ತೆ ನುಡಿಸಿ ಸೇರಿಸಲಿಲ್ಲ.

ಇದು ಸಣ್ಣ ವಿಷಯ ಅಲ್ಲ. ಎಪ್ಪತ್ತರ ದಶಕದಲ್ಲಿ ಲೈವ್ ಅಂತ ಹೆಸರಿಟ್ಟು ಬಂದ ಎಷ್ಟೋ ಆಲ್ಬಮ್‌ಗಳಿಗೆ ಆಮೇಲೆ ಸ್ಟುಡಿಯೋದಲ್ಲಿ ಬಣ್ಣ ಬಳಿದಿದ್ದಾರೆ. ಥಿನ್ ಲಿಜ್ಜಿ ಬ್ಯಾಂಡಿನ 1978ರ 'ಲೈವ್ ಅಂಡ್ ಡೇಂಜರಸ್' ಬಗ್ಗೆ ಅದರ ಪ್ರೊಡ್ಯೂಸರ್ ಟೋನಿ ವಿಸ್ಕಾಂಟಿನೇ, ಬಹುಪಾಲು ಆಮೇಲೆ ನುಡಿಸಿದ್ದು ಅಂದ್ರು. ಬ್ಯಾಂಡಿನವರು ಇಲ್ಲ ಅಂದ್ರು. ಜಗಳ ಇವತ್ತಿಗೂ ಮುಗಿದಿಲ್ಲ. ಆ ಆಲ್ಬಮ್ ನನಗಿಷ್ಟನೇ. ಆದ್ರೆ ಗಾಯಕ ಉಸಿರು ಎಳೆದುಕೊಳ್ಳೋ ಜಾಗದಲ್ಲಿ ಇದು ಅವತ್ತಿನ ಉಸಿರೋ, ಆಮೇಲಿನದೋ ಅಂತ ಅನುಮಾನ ಬಂದ್ರೆ ಊಟದಲ್ಲಿ ಕಲ್ಲು ಸಿಕ್ಕಿದ ಹಾಗಾಗುತ್ತೆ.

ಇನ್ನೊಂದು ತುದಿಯಲ್ಲಿ ದ ಹೂ ಬ್ಯಾಂಡಿನ 'ಲೈವ್ ಅಟ್ ಲೀಡ್ಸ್' ಇದೆ. 1970ರ ಫೆಬ್ರುವರಿ 14. ಜಾಗ ಯಾವುದು ಗೊತ್ತಾ? ಲೀಡ್ಸ್ ಯೂನಿವರ್ಸಿಟಿಯ ಊಟದ ಹಾಲ್. ನಮ್ಮ ಕಡೆ ಹೇಳೋದಾದ್ರೆ ಹಾಸ್ಟೆಲ್ ಮೆಸ್ಸು. ಆ ಕಾಲದಲ್ಲಿ ಜನ ಕದ್ದು ರೆಕಾರ್ಡ್ ಮಾಡಿ ಮಾರ್ತಿದ್ದ ಪ್ಲೇಟುಗಳ ಹಾಗೇ ಕಾಣಲಿ ಅಂತ ಇದರ ಕವರನ್ನ ಸಾದಾ ಕಂದು ಬಣ್ಣದಲ್ಲಿ ಮಾಡಿದ್ರು. ಟೇಪಲ್ಲಿ ಚಟಪಟ ಸದ್ದು ಇತ್ತು. ಅದು ಇರೋದೇ ಹೀಗೆ, ಸರಿಮಾಡೋಕೆ ಹೋಗಬೇಡಿ ಅನ್ನೋ ಅರ್ಥದ ಮಾತನ್ನ ಪ್ಲೇಟಿನ ಲೇಬಲ್ ಮೇಲೇ ಬರೆದುಬಿಟ್ರು. ಕೇಳುವಾಗ ನನಗೆ ಪೀಣ್ಯದ ಫ್ಯಾಕ್ಟರಿ ಕ್ಯಾಂಟೀನ್ ಕಣ್ಣ ಮುಂದೆ ಬರುತ್ತೆ. ಆಯುಧಪೂಜೆ ದಿನ ಟೇಬಲ್‌ಗಳನ್ನ ಗೋಡೆಗೆ ಒತ್ತಿಟ್ಟು, ಆರ್ಕೆಸ್ಟ್ರಾದವರು ಸ್ಪೀಕರ್ ಜೋಡಿಸಿ, ಮೂಲೆಯಲ್ಲಿ ಪುಳಿಯೋಗರೆ ವಾಸನೆ.

ಈಗ ಚಿಕ್ಕಪ್ಪನ ವಿಷಯಕ್ಕೆ ಬರ್ತೀನಿ.

ಚಿಕ್ಕಪ್ಪ ಗುಬ್ಬಿ ಕಡೆಯಿಂದ ತುಮಕೂರು ರೋಡ್ ಹಿಡಿದು ಪೀಣ್ಯಕ್ಕೆ ಬಂದವರು. ಎಸ್ಸೆಸ್ಸೆಲ್ಸಿ ಓದಿದ್ರು. ಒಂದು ಸಣ್ಣ ಶೀಟ್ ಮೆಟಲ್ ಫ್ಯಾಕ್ಟರಿಯಲ್ಲಿ ಪವರ್ ಪ್ರೆಸ್ ಆಪರೇಟರ್. ಆಮೇಲೆ ಎರಡು ಮೂರು ಕಡೆ ಬದಲಾದ್ರು, ಕೆಲಸ ಮಾತ್ರ ಅದೇ. ಶೀಟು ಇಡೋದು, ಪೆಡಲ್ ಒತ್ತೋದು, ಧಡ್ ಅಂತ ಡೈ ಬೀಳೋದು, ಪೀಸ್ ತೆಗೆಯೋದು. ಎಂಟು ಗಂಟೆ, ಓಟಿ ಇದ್ರೆ ಹನ್ನೆರಡು. ಪಕ್ಕದ ಮಷೀನಲ್ಲಿ ಲಿಂಗರಾಜಪುರದಿಂದ ಬರ್ತಿದ್ದ ಒಬ್ಬರಿದ್ರು, ಚರ್ಚಲ್ಲಿ ಗಿಟಾರ್ ನುಡಿಸ್ತಿದ್ರಂತೆ. ಅವರ ಹತ್ತಿರ ಈ ಆಲ್ಬಮ್ ಇತ್ತು. ಚಿಕ್ಕಪ್ಪ ಒಂದು ದಿನ ಕೇಳಿಸಿಕೊಂಡ್ರು, ತಗೊಂಡು ಹೋಗಿ ಕ್ಯಾಸೆಟ್ ಅಂಗಡಿಯಲ್ಲಿ ಕಾಪಿ ಮಾಡಿಸಿಕೊಂಡ್ರು.

ಅಲ್ಲೇ ಆಗಿದ್ದು ಎಡವಟ್ಟು. ನಿಮಗೆ ಕ್ಯಾಸೆಟ್ ಲೆಕ್ಕ ಗೊತ್ತಿಲ್ಲದೆ ಇರಬಹುದು, ಹೇಳ್ತೀನಿ. ಖಾಲಿ ಕ್ಯಾಸೆಟ್ 60 ನಿಮಿಷದ್ದು, 90 ನಿಮಿಷದ್ದು ಸಿಗ್ತಿತ್ತು. 60 ಅಂದ್ರೆ ಒಂದೊಂದು ಕಡೆಗೆ 30 ನಿಮಿಷ. ಚಿಕ್ಕಪ್ಪ ದುಡ್ಡು ಕಮ್ಮಿ ಅಂತ 60ರದ್ದು ತಗೊಂಡ್ರು. ಆಲ್ಬಮ್ 77 ನಿಮಿಷ. ಅಂಗಡಿಯವನು ಮೊದಲ ಕಡೆಗೆ ಮೂರು ಹಾಡು ತುಂಬಿಸಿದ, ನಾಲ್ಕನೇದು 'ದ ಮ್ಯೂಲ್' ಶುರುವಾಗಿ ಮೂರು ನಿಮಿಷ ಚಿಲ್ಲರೆಗೆ ಟೇಪ್ ಖಾಲಿ. ತಿರುಗಿಸಿ 'ಸ್ಟ್ರೇಂಜ್ ಕೈಂಡ್ ಆಫ್ ವುಮನ್'ನಿಂದ ಮತ್ತೆ ಶುರು ಮಾಡಿದ. 20 ನಿಮಿಷದ 'ಸ್ಪೇಸ್ ಟ್ರಕಿನ್' ಅರ್ಧಕ್ಕೆ ಬಂದಾಗ ಆ ಕಡೆನೂ ಖಾಲಿ.

'ದ ಮ್ಯೂಲ್' ಅಂದ್ರೆ ಈ ಆಲ್ಬಮ್ಮಿನ ಡ್ರಮ್ ಸೋಲೋ. ಟೋಕಿಯೋದ ರಾತ್ರಿಯದ್ದು. ಬ್ಯಾಂಡ್ ಎಲ್ಲ ಸೇರಿ ಸ್ವಲ್ಪ ಹೊತ್ತು ನುಡಿಸಿ, ಇಯಾನ್ ಪೇಸ್ ಒಬ್ಬನನ್ನೇ ಬಿಟ್ಟು ಸುಮ್ಮನಾಗ್ತಾರೆ. ನಮ್ಮ ತನಿ ಆವರ್ತನ ಇದ್ದ ಹಾಗೆ. ರಾಮನವಮಿ ಸಮಯದಲ್ಲಿ ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದ ಕಛೇರಿಗೆ ಹೋಗಿ ನೋಡಿ, ತನಿ ಶುರುವಾದ್ರೆ ಕೆಲವರು ಕಾಫಿಗೆ ಎದ್ದು ಹೋಗ್ತಾರೆ, ಉಳಿದವರು ಇನ್ನಷ್ಟು ಮುಂದಕ್ಕೆ ಬಾಗಿ ಕೂರ್ತಾರೆ. ಚಿಕ್ಕಪ್ಪ ಎರಡನೇ ಜಾತಿ. ಅವರಿಗೆ ಇಂಗ್ಲಿಷ್ ಪದ ಒಂದೂ ಅರ್ಥ ಆಗ್ತಿರಲಿಲ್ಲ, ಹಾಡಿನ ಹೆಸರುಗಳೂ ಗೊತ್ತಿರಲಿಲ್ಲ. ಆದ್ರೆ ಆ ಮೂರು ನಿಮಿಷದ ಪ್ರತೀ ಪೆಟ್ಟೂ ಬಾಯಿಪಾಠ. ಊಟದ ಡಬ್ಬಿ ಮೇಲೆ ಬೆರಳಲ್ಲಿ ನುಡಿಸೋರು. ಸರಿಯಾಗಿ ಮಜಾ ಬರೋ ಜಾಗಕ್ಕೆ ಟಕ್ ಅಂತ ಟೇಪ್‌ರೆಕಾರ್ಡರ್ ಬಟನ್ ಮೇಲೆ ಹಾರೋದು. ಚಿಕ್ಕವನಿದ್ದಾಗ ನಾನು, ಆ ಟಕ್ಕೂ ಹಾಡಿನ ಭಾಗನೇ ಅಂದುಕೊಂಡಿದ್ದೆ.

ಡೀಪ್ ಪರ್ಪಲ್ ಒಂದು ಸಲ ಬೆಂಗಳೂರಿಗೇ ಬಂದಿದ್ರು. ಚಿಕ್ಕಪ್ಪ ಹೋಗಲಿಲ್ಲ. ಟಿಕೆಟ್ ದುಡ್ಡು ಅಂತ ಚಿಕ್ಕಮ್ಮ ಹೇಳ್ತಾರೆ, ಸೆಕೆಂಡ್ ಶಿಫ್ಟ್ ಇತ್ತು ಅಂತ ಅವರು ಹೇಳ್ತಾರೆ. 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ, ಎಲ್ಲ ಅರಮನೆ ಮೈದಾನಕ್ಕೆ ಬಂದು ಹೋದ್ರು. ಪೀಣ್ಯದಿಂದ ಅರಮನೆ ಮೈದಾನ ಏನು ಮಹಾ ದೂರ? ಆದ್ರೂ ಆ ದೂರವನ್ನ ದಾಟದೇ ಇದ್ದವರು ಬಹಳ ಜನ. ಅವರಿಗೆಲ್ಲ ಕಛೇರಿ ಅಂದ್ರೆ ಆ ಕ್ಯಾಸೆಟ್ಟೇ.

ನಾನು ತುಮಕೂರಲ್ಲಿ ಇಂಜಿನಿಯರಿಂಗ್ ಓದುವಾಗ ಫೋನಲ್ಲಿ ಪೂರ್ತಿ ಆಲ್ಬಮ್ ಸಿಕ್ತು. ರೂಮಲ್ಲಿ ಒಬ್ಬನೇ ಕೂತು 'ದ ಮ್ಯೂಲ್' ಹಾಕಿದೆ. ಟಕ್ ಅನ್ನೋ ಜಾಗ ಬಂತು. ಟಕ್ ಅನ್ನಲಿಲ್ಲ. ಇನ್ನೂ ಆರು ನಿಮಿಷ ಇತ್ತು! ಪೇಸ್ ಸ್ನೇರ್ ಮೇಲೆ ಮಳೆ ಸುರಿಸಿದ ಹಾಗೆ ಒಂದು ಉರುಳು ಶುರುಮಾಡಿ, ಸಣ್ಣಗೆ ಮಾಡ್ತಾ ಮಾಡ್ತಾ ಹೋಗಿ, ಮತ್ತೆ ಎಬ್ಬಿಸಿ, ಕೊನೆಗೆ ಇಡೀ ಬ್ಯಾಂಡ್ ಧಬಕ್ಕನೆ ವಾಪಸ್ ಬಂದು ಸೇರುತ್ತೆ. ಎದ್ದು ನಿಂತುಬಿಟ್ಟಿದ್ದೆ. 'ಸ್ಪೇಸ್ ಟ್ರಕಿನ್' ಕೂಡ ಹಾಗೇ. ಹಾಡು ಅನ್ನೋದು ಮೊದಲ ಐದು ನಿಮಿಷದೊಳಗೆ ಮುಗಿದುಹೋಗುತ್ತೆ. ಮಿಕ್ಕಿದ್ದು ಜಾನ್ ಲಾರ್ಡ್‌ನ ಆರ್ಗನ್ನಿನ ರಾಜ್ಯ. ಆತ ಹ್ಯಾಮಂಡ್ ಆರ್ಗನ್ನನ್ನ ಗಿಟಾರಿನ ಮಾರ್ಷಲ್ ಆಂಪ್ಲಿಫೈಯರಿಗೆ ಹಾಕಿ ನುಡಿಸ್ತಿದ್ದ. ಅದಕ್ಕೇ ಅದು ಚರ್ಚಿನ ಆರ್ಗನ್ ಹಾಗೆ ಕೇಳಲ್ಲ, ಗುರುಗುಟ್ಟುತ್ತೆ.

ಇಲ್ಲಿ ನನ್ನ ತಪ್ಪು ಹೇಳಬೇಕು. ನಾನು ಅದನ್ನ ಕೇಳಿದೆ, ಫ್ರೆಂಡ್ಸಿಗೆ ಕಳಿಸಿದೆ, ಸ್ಟೇಟಸ್ ಹಾಕಿದೆ. ಚಿಕ್ಕಪ್ಪನಿಗೆ ಕೇಳಿಸಬೇಕು ಅಂತ ಹೊಳೀಲೇ ಇಲ್ಲ. ಅವರ ಟೇಪ್‌ರೆಕಾರ್ಡರ್ ಕೆಟ್ಟು ಎಷ್ಟೋ ವರ್ಷ ಆಗಿತ್ತು. ಹಬ್ಬಕ್ಕೆ ಹೋದಾಗ ಹೋಳಿಗೆ ತಿಂದು, ಫೋನ್ ನೋಡ್ತಾ ಕೂತು ವಾಪಸ್ ಬರ್ತಿದ್ದೆ. ಹೀಗೆ ಹತ್ತು ವರ್ಷ.

ಆ ಹತ್ತು ವರ್ಷದಲ್ಲಿ ಅವರ ಕಿವಿ ಹೋಯ್ತು. ಪೂರ್ತಿ ಅಲ್ಲ. ಪ್ರೆಸ್ ಶಾಪಿನವರಿಗೆ ಕಿವಿ ಹೋಗೋ ರೀತಿನೇ ಬೇರೆ. ಮೊದಲು ಹೋಗೋದು ಎತ್ತರದ ಸದ್ದು, 3,000ದಿಂದ 6,000 ಹರ್ಟ್ಜ್ ಸುತ್ತಮುತ್ತ. ಆಸ್ಪತ್ರೆಯಲ್ಲಿ ಕೊಟ್ಟ ಗ್ರಾಫ್ ನೋಡಿದೆ. ತಗ್ಗಿನ ಸ್ವರದ ಕಡೆ ಗೆರೆ ಪರವಾಗಿಲ್ಲ, 4,000ದ ಹತ್ತಿರ ಬಂದಾಗ ಬಾವಿಗೆ ಬಿದ್ದ ಹಾಗೆ ಕೆಳಕ್ಕೆ. ಹಾಗಾಗಿ ಅವರಿಗೆ ಯಾರೋ ಮಾತಾಡ್ತಿದ್ದಾರೆ ಅಂತ ಗೊತ್ತಾಗುತ್ತೆ, 'ಸ'ಕಾರ 'ತ'ಕಾರ ಮಾತ್ರ ಕೇಳಲ್ಲ. ಬಸ್ಸು ಬಂತು ಅಂದ್ರೆ ಬರೀ ಸ್ವರಗಳು ಸಿಗ್ತವೆ, ಉಳಿದಿದ್ದನ್ನ ಮುಖ ನೋಡಿ ಊಹೆ ಮಾಡ್ತಾರೆ. ಅಷ್ಟು ವರ್ಷ ಕಿವಿಗೆ ಹಾಕಿಕೊಂಡಿದ್ದು ಹತ್ತಿ, ಅಷ್ಟೇ. ಶಬ್ದದಿಂದ ಆಗೋ ಕಿವುಡುತನ ಕಾನೂನಿನ ಔದ್ಯೋಗಿಕ ಕಾಯಿಲೆಗಳ ಪಟ್ಟಿಯಲ್ಲಿದೆ, ಪರಿಹಾರ ಕೇಳಬಹುದು. ಅದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಿಮ್ಮ ಮನೆಯಲ್ಲಿ ಪ್ರೆಸ್ಸಲ್ಲೋ, ಲೂಮಲ್ಲೋ ಕೆಲಸ ಮಾಡೋರಿದ್ರೆ ದಯವಿಟ್ಟು ವಿಚಾರಿಸಿ.

ಡೀಪ್ ಪರ್ಪಲ್ 1972ರಲ್ಲೇ ಲಂಡನ್ನಿನ ರೈನ್‌ಬೋ ಥಿಯೇಟರಲ್ಲಿ 117 ಡೆಸಿಬೆಲ್ ಸದ್ದು ಮಾಡಿ ಗಿನ್ನಿಸ್ ಪುಸ್ತಕ ಸೇರಿದ್ರು. ದ ಹೂ ಬ್ಯಾಂಡಿನ ಪೀಟ್ ಟೌನ್‌ಶೆಂಡ್ ತನ್ನ ಕಿವಿ ಹಾಳಾದ ಬಗ್ಗೆ ತಾನೇ ಮಾತಾಡಿದ್ದಾರೆ. ಆದ್ರೆ ಚಿಕ್ಕಪ್ಪನ ಕಿವಿ ತಿಂದಿದ್ದು ರಾಕ್ ಅಲ್ಲ. ಅವರ ಟೇಪ್‌ರೆಕಾರ್ಡರಿಗೆ ಇದ್ದಿದ್ದು ಅಂಗೈಯಷ್ಟು ಸ್ಪೀಕರ್. ನೀವು ಈಗ ಇಯರ್‌ಬಡ್ ಹಾಕ್ಕೊಂಡು ಇದನ್ನ ಕೇಳ್ತಿದ್ರೆ, ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಒಂದು ಹೇಳಿಬಿಡ್ತೀನಿ: 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ. ಮೂರು ಡೆಸಿಬೆಲ್ ಏರಿಸಿದ್ರೆ ಆ ಗಂಟೆ ಅರ್ಧ ಆಗುತ್ತೆ. ಮೆಟ್ರೋ ಸುರಂಗದಲ್ಲಿ ಸದ್ದು ಜಾಸ್ತಿ ಅಂತ ನಾನೂ ವಾಲ್ಯೂಮ್ ಏರಿಸ್ತಿದ್ದೆ. ಈಗ ಮೆಜೆಸ್ಟಿಕ್ಕಿಂದ ನ್ಯಾಷನಲ್ ಕಾಲೇಜ್‌ವರೆಗೆ ಸ್ವಲ್ಪ ಕಮ್ಮಿ ಕೇಳಿದ್ರೂ ಪರವಾಗಿಲ್ಲ ಅಂತ ಬಿಟ್ಟಿದ್ದೀನಿ.

ಇಂಥ ಆಲ್ಬಮ್ ಫೋನಲ್ಲಿ ಕೇಳೋರಿಗೆ ಒಂದು ಸೂಚನೆ. ಷಫಲ್ ಆಫ್ ಮಾಡಿ. ಕ್ರಾಸ್‌ಫೇಡ್ ಇದ್ರೆ ಅದೂ ಆಫ್. ಗ್ಯಾಪ್‌ಲೆಸ್ ಅನ್ನೋದು ಇದ್ರೆ ಆನ್ ಮಾಡಿ. ಇಲ್ಲಾಂದ್ರೆ ಎರಡು ಹಾಡಿನ ನಡುವೆ ಜನರ ಸದ್ದು ಕತ್ತರಿಸಿದ ಹಾಗೆ ನಿಂತುಹೋಗುತ್ತೆ. ಅಲ್ಲೇ ಒಳ್ಳೊಳ್ಳೇ ವಿಷಯ ಇರೋದು. ಒಂದು ಕಡೆ ಗಾಯಕ ಇಯಾನ್ ಗಿಲ್ಲನ್, ಸೌಂಡ್‌ನವರಿಗೆ ಎಲ್ಲದಕ್ಕಿಂತ ಎಲ್ಲವೂ ಜೋರಾಗಿ ಕೇಳೋ ಹಾಗೆ ಮಾಡಿ ಅಂತ ತಮಾಷೆ ಮಾಡ್ತಾನೆ. 'ಸ್ಟ್ರೇಂಜ್ ಕೈಂಡ್ ಆಫ್ ವುಮನ್'ನಲ್ಲಿ ಗಿಟಾರ್ ಒಂದು ಸಾಲು ನುಡಿಸುತ್ತೆ, ಗಿಲ್ಲನ್ ಅದನ್ನೇ ಗಂಟಲಲ್ಲಿ ವಾಪಸ್ ಕೊಡ್ತಾನೆ. ಮೇಲೆ, ಇನ್ನೂ ಮೇಲೆ, ಕಿರುಚಾಟದವರೆಗೆ. ಜುಗಲ್‌ಬಂದಿ ಕೇಳಿ ಬೆಳೆದವರಿಗೆ ಅನುವಾದ ಬೇಕಿಲ್ಲ.

ರಾಕ್ ಬೇಡಪ್ಪ ಅನ್ನೋರು 'ಶಕ್ತಿ'ಯಿಂದ ಶುರು ಮಾಡಿ. ಜಾನ್ ಮೆಕ್‌ಲಾಫ್ಲಿನ್ ಗಿಟಾರ್, ಎಲ್. ಶಂಕರ್ ಪಿಟೀಲು, ಜಾಕಿರ್ ಹುಸೇನ್ ತಬಲಾ, ವಿಕ್ಕು ವಿನಾಯಕರಾಂ ಘಟ, ರಾಮನಾಡ್ ರಾಘವನ್ ಮೃದಂಗ. ಮೊದಲ ಆಲ್ಬಮ್ 1975ರ ಜುಲೈ 5ರಂದು ಅಮೆರಿಕದ ಒಂದು ಕಾಲೇಜಲ್ಲಿ ಲೈವ್ ರೆಕಾರ್ಡ್ ಆಗಿದ್ದು. ಇಲ್ಲಾ 1971ರ ಆಗಸ್ಟ್ 1ರ 'ಕನ್ಸರ್ಟ್ ಫಾರ್ ಬಾಂಗ್ಲಾದೇಶ್' ಕೇಳಿ. ಶುರುವಿನಲ್ಲಿ ರವಿಶಂಕರ್, ಅಲಿ ಅಕ್ಬರ್ ಖಾನ್ ಶ್ರುತಿ ಸರಿಮಾಡಿಕೊಳ್ತಾರೆ. ನ್ಯೂಯಾರ್ಕ್ ಜನ ಅದನ್ನೇ ಕಛೇರಿ ಅಂದುಕೊಂಡು ಚಪ್ಪಾಳೆ ತಟ್ಟಿಬಿಡ್ತಾರೆ. ಆ ಚಪ್ಪಾಳೆನೂ ಆಲ್ಬಮ್ಮಲ್ಲಿ ಹಾಗೇ ಇದೆ, ಯಾರೂ ತೆಗೆದುಹಾಕಿಲ್ಲ.

ಹೋದ ಯುಗಾದಿಗೆ ಚಿಕ್ಕಪ್ಪನ ಮನೆಗೆ ಒಂದು ಬ್ಲೂಟೂತ್ ಸ್ಪೀಕರ್ ತಗೊಂಡು ಹೋದೆ. ಅವರು ಹಿಯರಿಂಗ್ ಏಡ್ ತೆಗೆದಿಟ್ರು. ಅದು ಮಾತು ಕೇಳೋಕೆ ಸೆಟ್ ಮಾಡಿರೋದು, ಹಾಡು ಹಾಕಿದ್ರೆ ಗರಗರ ಅನ್ನುತ್ತೆ ಅಂದ್ರು. ಸ್ಪೀಕರನ್ನ ಮಂಚದ ಹಲಗೆ ಮೇಲೆ ಇಟ್ಟು ಪಕ್ಕದಲ್ಲಿ ಅಂಗೈ ಊರಿಕೊಂಡು ಕೂತ್ರು. 'ಹೈವೇ ಸ್ಟಾರ್' ಶುರುವಾಯ್ತು. "ಪೋನಲ್ಲಿ ಕಿಲೀನಾಗ್ ಐತೆ ಕಣ್ಲಾ, ನಮ್ ಟೇಪಲ್ಲಿ ಸುಯ್ ಅಂತಿತ್ತು" ಅಂದ್ರು. ಆ ಸುಯ್ ಅನ್ನೋದು ಎತ್ತರದ ಸದ್ದು. ಫೋನಲ್ಲೂ ಸಣ್ಣದಾಗಿ ಇತ್ತು. ನಾನು ಹೂಂ ಅಂದೆ.

'ದ ಮ್ಯೂಲ್' ಬಂತು. ಬೆರಳು ಶುರುವಾಯ್ತು. ತಪ್ಪೇ ಇಲ್ಲ, ಒಂದು ಪೆಟ್ಟೂ. ಕಣ್ಣು ಮುಚ್ಚಿದ್ರು. ಮೂರು ನಿಮಿಷ ಚಿಲ್ಲರೆಯ ಆ ಜಾಗಕ್ಕೆ ಬೆರಳು ತಾನೇ ನಿಂತಿತು. ಟಕ್ ಅನ್ನೋದಕ್ಕೆ ಕಾಯ್ತಿದ್ರು.

ಡ್ರಮ್ಸ್ ನಿಲ್ಲಲಿಲ್ಲ. ಚಿಕ್ಕಪ್ಪ ಕಣ್ಣು ಬಿಟ್ಟು ನನ್ನ ನೋಡಿದ್ರು, ಸ್ಪೀಕರ್ ನೋಡಿದ್ರು. ಬೆರಳು ಆಡಿಸಲಿಲ್ಲ, ಅಂಗೈ ಮಾತ್ರ ಹಲಗೆಗೆ ಒತ್ತಿ ಹಿಡ್ಕೊಂಡಿದ್ರು. ದೊಡ್ಡ ಡ್ರಮ್ಮು, ಟಾಮು ಅವರಿಗೆ ಸಿಗ್ತಿತ್ತು. ಸಿಂಬಲ್ ಬಂದಾಗ ಮುಖದಲ್ಲಿ ಏನೂ ಬದಲಾಗ್ತಿರಲಿಲ್ಲ. ಚಿಕ್ಕಮ್ಮ ಅಡುಗೆಮನೆಯಿಂದ ಬಂದು ನಿಂತ್ರು, ಏನೂ ಕೇಳಲಿಲ್ಲ. ಬ್ಯಾಂಡ್ ವಾಪಸ್ ಬಂದು ಸೇರಿದಾಗ ಹಲಗೆ ನಡುಗಿತು, ಚಿಕ್ಕಪ್ಪ ತೊಡೆ ಮೇಲೆ ಒಂದು ಏಟು ಹೊಡ್ಕೊಂಡ್ರು.

ಹಾಡು ಮುಗೀತು. ಬುಡೋಕಾನ್ ಪೂರ್ತಿ ಚಪ್ಪಾಳೆ. ಚಿಕ್ಕಪ್ಪ ಸ್ವಲ್ಪ ಹೊತ್ತು ತಲೆ ವಾರೆ ಮಾಡಿಕೊಂಡು ಕಾದ್ರು.

"ಅಷ್ಟ್ ಚೆನ್ನಾಗ್ ಬಾರ್ಸವ್ನೆ, ಜನ ಯಾಕ್ಲಾ ಚಪ್ಪಾಳೆ ಹೊಡೀಲಿಲ್ಲ?"

ನಾನು ಅವರ ಮುಖದ ಎದುರಿಗೆ ಬಂದು, ತುಟಿ ಕಾಣೋ ಹಾಗೆ ನಿಧಾನಕ್ಕೆ ಹೇಳಿದೆ. "ಹೊಡೀತಾವ್ರೆ ಚಿಕ್ಕಪ್ಪ. ಇನ್ನೂ ಹೊಡೀತಾನೇ ಅವ್ರೆ."

"ಹೌದಾ?" ಅಂದ್ರು. "ಸರಿ ಹಂಗಾರೆ. ಮುಂದುಕ್ ಬಿಡು."